ಐವರು ಮಲ್ಲಮ್ಮಂದಿರು ಮತ್ತು ನನ್ನ ಮಾಹಿತಿ ವ್ಯವಸ್ಥೆ

ತಾವು ಕಲಿಸುವ ವಿಷಯ ತಮಗೇ ಸರಿಯಾಗಿ ತಿಳಿದಿಲ್ಲ ಎಂಬ ಗುಟ್ಟನ್ನು ನಮ್ಮಂಥ ಮಾಸ್ತರರು ಸಾಮಾನ್ಯವಾಗಿ ನಿವೃತ್ತಿಯ ದಿನ ಶಾಲು ಹೊದಿಸಿಕೊಳ್ಳುವವರೆಗೂ ಕಾಪಾಡಿಕೊಂಡು ಬರುತ್ತಾರೆ. ನನಗೆ ಅಷ್ಟು ತಾಳ್ಮೆಯಿಲ್ಲ, ಈಗಲೇ ಒಪ್ಪಿಕೊಂಡುಬಿಡುತ್ತೇನೆ. ಶಹಾಪುರದ ಒಂದು ಕಾಲೇಜಿನಲ್ಲಿ ಬಿ.ಕಾಂ. ಮಕ್ಕಳಿಗೆ 'ವ್ಯವಹಾರ ಮಾಹಿತಿ ವ್ಯವಸ್ಥೆ' ಎಂಬ ವಿಷಯವನ್ನು ನಾನು ಬಹಳ ವರ್ಷಗಳಿಂದ ಕಲಿಸುತ್ತಿದ್ದೇನೆ. ದತ್ತಾಂಶ ಎಂದರೇನು, ಮಾಹಿತಿ ಎಂದರೇನು, ಎರಡಕ್ಕೂ ಇರುವ ವ್ಯತ್ಯಾಸವೇನು ಎಂಬುದು ಮೊದಲನೆಯ ಪಾಠ. ಈ ಪಾಠವನ್ನು ಕಣ್ಣು ಮುಚ್ಚಿ ಹೇಳಬಲ್ಲೆ. ಆದರೆ ಆ ವ್ಯತ್ಯಾಸ ನನಗೆ ನಿಜವಾಗಿ ಗೊತ್ತಾದದ್ದು ಒಂದೇ ಒಂದು ಸಲ. ಆಗ ನಾನು ಮೊಣಕಾಲಿನವರೆಗೆ ಕೆಸರಿನಲ್ಲಿ ನಿಂತಿದ್ದೆ.

ಪುಸ್ತಕದಲ್ಲಿರುವ ಉದಾಹರಣೆಗಳೆಲ್ಲ ವಿಮಾನದ ಸೀಟು ಕಾಯ್ದಿರಿಸುವವು. ನನ್ನ ವಿದ್ಯಾರ್ಥಿಗಳು ವಿಮಾನವನ್ನು ಕೆಳಗಿನಿಂದ ಮಾತ್ರ ನೋಡಿದವರು, ಅವರ ಗುರುಗಳೂ ಅಷ್ಟೇ. ಅದಕ್ಕೆ ನಾನು ಬಸ್ಸಿನ ಉದಾಹರಣೆಗೆ ಇಳಿದೆ. ಯಾವ ಊರಿನ ಬಸ್ ನಿಲ್ದಾಣ ಎಂದು ಹೇಳುವುದಿಲ್ಲ. ಸುರಪುರದ ಬಸ್ಸು ಎಷ್ಟೊತ್ತಿಗೆ ಎಂದು ವಿಚಾರಣೆ ಕಿಟಕಿಯಲ್ಲಿ ಕೇಳಿದರೆ 'ಬರ್ತದ್ರಿ' ಎಂಬ ಉತ್ತರ ಸಿಗುತ್ತದೆ. ಇದು ದತ್ತಾಂಶವೋ ಮಾಹಿತಿಯೋ ಎಂದು ತರಗತಿಯಲ್ಲಿ ಕೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಅದು ಸಮಾಧಾನ ಎಂದಳು. ಅವಳಿಗೆ ಪೂರ್ತಿ ಅಂಕ ಕೊಡಬೇಕಿತ್ತು, ಆದರೆ ಆ ಉತ್ತರ ಪುಸ್ತಕದಲ್ಲಿರಲಿಲ್ಲ.

ನನ್ನ ಹೆಂಡತಿ ಸುಮಂಗಲಾ ವನದುರ್ಗದ ಕಡೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಅವಳಲ್ಲಿ ಓದಿದ ನಾಗಮ್ಮ ಎಂಬ ಹುಡುಗಿಯ ತಾಯಿ ಭೀಮವ್ವ ಆಗಾಗ ನಮ್ಮ ಮನೆಗೆ ಬರುತ್ತಿದ್ದಳು. ಭೀಮವ್ವ ಭತ್ತದ ನಾಟಿಗೆ ಹೆಂಗಸರನ್ನು ಕರೆದೊಯ್ಯುವವಳು. ಕೆನಾಲಿಗೆ ನೀರು ಬಿಟ್ಟರೆಂದರೆ ನಮ್ಮ ಭಾಗದಲ್ಲಿ ಎಲ್ಲರಿಗೂ ಒಂದೇ ವಾರದಲ್ಲಿ ನಾಟಿ ಆಗಬೇಕು. ಆಗ ಭೀಮವ್ವನಿಗೆ ಬರುವ ಫೋನುಗಳು ತಹಶೀಲ್ದಾರರಿಗೂ ಬರಲಿಕ್ಕಿಲ್ಲ. ಮೂವತ್ತು ಹೆಂಗಸರು, ರಫೀಕ ಎಂಬವನ ಮೂರು ಚಕ್ರದ ಒಂದು ಟಂಟಂ ಗಾಡಿ, ಇಪ್ಪತ್ತಕ್ಕೂ ಹೆಚ್ಚು ರೈತರು. ಯಾರು ಯಾವ ದಿನ ಯಾರ ಗದ್ದೆಗೆ ಎಂಬುದೆಲ್ಲ ಅವಳ ತಲೆಯಲ್ಲಿ. ಕಾಗದವಿಲ್ಲ, ಪೆನ್ನಿಲ್ಲ. ಅವಳಿಗೆ ಸಹಿ ಮಾಡಲು ಮಾತ್ರ ಬರುತ್ತಿತ್ತು. ಅದನ್ನೂ ಮಗಳೇ ಕಲಿಸಿದ್ದು.

ಒಂದು ನಾಟಿಯ ಕಾಲದಲ್ಲಿ ಅವಳು ಬಂದು ನಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಸುಮ್ಮನೆ ಕೂತಳು. ಸುಮ್ಮನೆ ಕೂರುವುದು ಅವಳ ಸ್ವಭಾವವಲ್ಲ. ಮದುವೆಯಾಗಿ ಕಲಬುರಗಿ ಸೇರಿದ್ದ ನಾಗಮ್ಮನಿಗೆ ಚೊಚ್ಚಲ ಹೆರಿಗೆ. ಮೈಯಲ್ಲಿ ರಕ್ತ ಕಡಿಮೆಯಿದೆ, ತವರಿಗೆ ಕಳಿಸಬೇಡಿ, ದೊಡ್ಡ ದವಾಖಾನೆಯ ಹತ್ತಿರವೇ ಇರಲಿ ಎಂದು ಡಾಕ್ಟರು ಹೇಳಿದ್ದಾರೆ. ಮಗಳು ದಿನಕ್ಕೆ ಮೂರು ಸಲ ಫೋನು ಮಾಡಿ ಅಳುತ್ತಾಳೆ.

"ನಾ ಹೋಗಲಿಲ್ಲಂದ್ರ ಮಗಳಿಗೆ ಯಾರೂ ಇಲ್ರಿ ಅಕ್ಕಾರ," ಎಂದಳು ಭೀಮವ್ವ. "ಹೋದ್ರ ಇಲ್ಲಿ ಇಷ್ಟು ಮಂದಿ ಸಸಿ ಮಡಿಯಾಗ ಬಲಿತು ಹೋಗ್ತಾವ. ಎಲ್ಲಾ ನನ್ನ ತಲ್ಯಾಗ ಅದ. ತಲಿ ತಗದು ಯಾರ ಕೈಯಾಗ ಕೊಡ್ಲಿ?"

ಪಕ್ಕದ ಕೋಣೆಯಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿದ್ದ ನನಗೆ ಇದು ಕೇಳಿಸಿತು. ನನ್ನ ವಿಷಯ ನನ್ನ ಹೊಸ್ತಿಲಿಗೇ ಬಂದು ಕೂತಿದೆ ಎನಿಸಿತು. ಹೊರಗೆ ಬಂದು, ನಿನ್ನ ತಲೆಯಲ್ಲಿ ಇರುವುದನ್ನೆಲ್ಲ ನಾನು ಕಂಪ್ಯೂಟರಿಗೆ ಇಳಿಸುತ್ತೇನೆ, ನೀನು ನಿಶ್ಚಿಂತೆಯಿಂದ ಹೋಗು ಎಂದೆ. ಸುಮಂಗಲಾ ನನ್ನನ್ನೊಮ್ಮೆ ನೋಡಿದಳು. ಕುಕ್ಕರಿನ ಸೀಟಿ ರಿಪೇರಿ ಮಾಡುತ್ತೇನೆ ಎಂದಾಗಲೂ ಅವಳು ಹೀಗೆಯೇ ನೋಡಿದ್ದಳು.

ಎರಡು ಮಧ್ಯಾಹ್ನ ಭೀಮವ್ವ ಹೇಳಿದಳು, ನಾನು ಬರೆದುಕೊಂಡೆ. ಮೊದಲ ತೊಡಕು ಮಲ್ಲಮ್ಮಂದಿರದು. ಮೂವತ್ತು ಹೆಂಗಸರಲ್ಲಿ ಐವರ ಹೆಸರು ಮಲ್ಲಮ್ಮ. ಒಂದನ್ನು ಇನ್ನೊಂದರಿಂದ ಬೇರ್ಪಡಿಸುವ ಗುರುತು ಪ್ರತಿಯೊಂದಕ್ಕೂ ಇರಬೇಕು ಎಂದು ನಾವು ಪಾಠ ಮಾಡುತ್ತೇವೆ. ಅದರಂತೆ ಒಂದರಿಂದ ಮೂವತ್ತರವರೆಗೆ ನಂಬರು ಕೊಟ್ಟೆ. ಭೀಮವ್ವನಿಗೆ ಸಿಟ್ಟೇ ಬಂತು. ಹೆಂಗಸರು ಏನು ಸಂತೆಗೆ ಹೊಡೆದುಕೊಂಡು ಹೋಗುವ ಕುರಿಗಳೇ ಎಂದಳು. ಅವಳ ಲೆಕ್ಕದಲ್ಲಿ ಒಬ್ಬಳು ಹುಣಸಗಿ ಮಲ್ಲಮ್ಮ, ಒಬ್ಬಳು ಉದ್ದನ್ನ ಮಲ್ಲಮ್ಮ, ಒಬ್ಬಳು ಮಾತಾಡದ ಮಲ್ಲಮ್ಮ, ಒಬ್ಬಳು ಚಹಾ ಮಲ್ಲಮ್ಮ, ಇನ್ನೊಬ್ಬಳು ಬರೇ ಮಲ್ಲಮ್ಮ. ಇದಕ್ಕಿಂತ ಸ್ಪಷ್ಟವಾದ ಗುರುತು ಬೇಕೇ ಎಂಬುದು ಅವಳ ಪ್ರಶ್ನೆ. ಆದರೂ ಪಟ್ಟಿಯಲ್ಲಿ ನಂಬರುಗಳೇ ಉಳಿದವು. ಗದ್ದೆಗಳದೂ ಇದೇ ಕಥೆ. ಸರ್ವೆ ನಂಬರು ಕೇಳಿದರೆ ಜಾಲಿಗಿಡದ ಹೊಲ ಎನ್ನುತ್ತಾಳೆ. ಆ ಜಾಲಿಗಿಡ ಎಲ್ಲಿದೆ ಎಂದರೆ ಅದನ್ನು ಕಡಿದು ಹತ್ತು ವರ್ಷವಾಯಿತು ಎನ್ನುತ್ತಾಳೆ.

ಆಮೇಲೆ ಅವಳು ಹೇಳಿದ ಎಷ್ಟೋ ಸಂಗತಿಗಳು ನನಗೆ ಅನವಶ್ಯಕ ಎನಿಸಿದವು. ಹುಣಸಗಿ ಮಲ್ಲಮ್ಮನಿಗೂ ಚಹಾ ಮಲ್ಲಮ್ಮನಿಗೂ ಮಾತಿಲ್ಲ, ಇಬ್ಬರನ್ನೂ ಒಂದೇ ಸುತ್ತಿನಲ್ಲಿ ಗಾಡಿಗೆ ಹತ್ತಿಸಬಾರದಂತೆ. ಖಾಜಾಬಿ ಎಂಬಾಕೆಯನ್ನು ಸಾಲಿನ ಮುಂದೆ ನಿಲ್ಲಿಸಿದರೆ ಅವಳ ಹಾಡಿಗೆ ಉಳಿದವರ ಕೈ ತಾನೇ ಓಡುತ್ತದಂತೆ. ದಿನಾ ಮುಂಜಾನೆ ತಾನು ಕೆನಾಲಿನ ಸೇತುವೆಯ ಮೇಲೆ ನಿಂತು ನೀರು ನೋಡುತ್ತೇನೆ, ನೋಡಿದ ಮೇಲೆಯೇ ಯಾರ ಗದ್ದೆಗೆ ಎಂದು ಹೇಳುತ್ತೇನೆ ಎಂದೂ ಅಂದಳು. ನನ್ನ ಪಟ್ಟಿಯಲ್ಲಿ ಜಗಳಕ್ಕೆ, ಹಾಡಿಗೆ, ಸೇತುವೆಗೆ ಕಾಲಂ ಇರಲಿಲ್ಲ. ಮುಂದಕ್ಕೆ ಹೇಳು ಎಂದೆ. ವಾರದ ಏಳೂ ದಿನಗಳ ಪಟ್ಟಿ ಸಿದ್ಧವಾಯಿತು. ಝೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ ರಫೀಕನಿಗೊಂದು, ರೈತರಿಗೊಂದೊಂದು ಹಂಚಿದೆ. ಭೀಮವ್ವ ಒಂದು ಪ್ರತಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ಮುರುಗಿಸಿ ನೋಡಿ, ಮಡಚಿ ಕುಪ್ಪಸದಲ್ಲಿಟ್ಟುಕೊಂಡು ಕಲಬುರಗಿಯ ಬಸ್ಸು ಹತ್ತಿದಳು.

ಮೊದಲ ದಿನ ಎಲ್ಲ ಸುಗಮವಾಗಿ ನಡೆಯಿತು. ಆ ದಿನ ನಾನು ಕಾಲೇಜಿನಲ್ಲಿ ನಡೆದ ರೀತಿಯನ್ನು ನೋಡಿದ್ದರೆ ನಿಮಗೂ ನಗು ಬರುತ್ತಿತ್ತು. ಮರುದಿನ ಭಾನುವಾರ. ಎಂಟು ಗಂಟೆಗೆ ರಫೀಕನ ಫೋನು ಬಂತು. ಪಟ್ಟಿಯಂತೆ ಕೆನಾಲಿನ ಕೊನೆಯಲ್ಲಿರುವ ಬಸಣ್ಣನ ಗದ್ದೆಗೆ ಬಂದಿದ್ದೇವೆ, ಇಲ್ಲಿ ನೀರೇ ಇಲ್ಲ ಎಂದ. ನಾನು ಬೈಕು ಹತ್ತಿ ಹೋಗಿ ನೋಡಿದರೆ ಗದ್ದೆ ಒಣಗಿ ನಿಂತಿದೆ. ಮೇಲಿನವರು ನೀರು ಎಳೆದುಕೊಂಡಿದ್ದರಿಂದ ಕೊನೆಯ ಗದ್ದೆಯವರೆಗೆ ಹರಿದು ಬಂದಿರಲಿಲ್ಲ. ನನ್ನ ಪಟ್ಟಿಯನ್ನು ನಂಬಿ ಬಸಣ್ಣ ನಸುಕಿನಲ್ಲೇ ಸಸಿ ಕಿತ್ತು ಕಟ್ಟು ಕಟ್ಟಿ ಬದುವಿನ ಮೇಲೆ ಸಾಲಾಗಿ ಇಟ್ಟಿದ್ದ. ಬಿಸಿಲು ಏರುತ್ತಿತ್ತು. ಹದಿನೈದು ಜನ ಹೆಂಗಸರು ಬದುವಿನ ಮೇಲೆ ಕೂತಿದ್ದರು. ಹುಣಸಗಿ ಮಲ್ಲಮ್ಮನ ಜೊತೆ ಒಂದೇ ಸುತ್ತಿನಲ್ಲಿ ಹತ್ತಿಸಿದ್ದರಿಂದ ಚಹಾ ಮಲ್ಲಮ್ಮ ಅರ್ಧ ದಾರಿಯಲ್ಲೇ ಇಳಿದು ಮನೆಗೆ ನಡೆದುಬಿಟ್ಟಿದ್ದಳು. ಬಸಣ್ಣ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವನು ಪಟ್ಟಿಯನ್ನು ತೋರಿಸಿ, "ಇದರಾಗ ನನ್ನ ಹೆಸರು ಐತಲ್ರಿ ಸರ್," ಎಂದಷ್ಟೇ ಹೇಳಿದ.

ಸಸಿಯ ತುದಿಗಳು ಬಾಡುತ್ತಿದ್ದವು. ಸುಮಂಗಲೆಗೆ ಫೋನು ಮಾಡಿದೆ. ಭೀಮವ್ವನನ್ನು ಕೇಳಿ ಎಂದಳು. ಮಗಳ ಹೆರಿಗೆಯ ಹೊತ್ತಿನಲ್ಲಿ ಹೇಗೆ ಕೇಳುವುದು ಎಂದೆ. ನಾಚಿಕೆ ನಿಮ್ಮದು, ಸಸಿ ಬಸಣ್ಣನದು ಎಂದು ಹೇಳಿ ಅವಳು ಫೋನಿಟ್ಟಳು.

ನಾನು ಫೋನು ಮಾಡಿದಾಗ ಭೀಮವ್ವ ಹೆರಿಗೆ ವಾರ್ಡಿನ ಹೊರಗೆ ನಿಂತಿದ್ದಳು. ಹಿಂದೆ ಯಾರೋ ನರಳುವ ಸದ್ದು ಕೇಳುತ್ತಿತ್ತು. ನಾನು ತಡವರಿಸುತ್ತಾ ಎಲ್ಲ ಹೇಳಿದೆ. ಅವಳು ಎರಡೇ ಪ್ರಶ್ನೆ ಕೇಳಿದಳು. ಸಸಿ ಕಿತ್ತು ಎಷ್ಟು ಹೊತ್ತಾಯಿತು, ಖಾಜಾಬಿ ಬಂದಿದ್ದಾಳೋ ಇಲ್ಲವೋ. ಆಮೇಲೆ ನಿಧಾನವಾಗಿ ಹೇಳಿದಳು.

"ಮ್ಯಾಲ ಸಿದ್ದಪ್ಪನ ಗದ್ದಿಗೆ ನೀರು ಬಂದಿರ್ತದ್ರಿ, ರಾಡಿ ಹೊಡದು ನಾಟಿಗೆ ತಯಾರ ಇಟ್ಟಿರ್ತಾನ. ಅವಂದೂ ಬಸಣ್ಣಂದೂ ಒಂದೇ ಬೀಜ. ಬಸಣ್ಣನ ಸಸಿ ಒಯ್ದು ಸಿದ್ದಪ್ಪನ ಗದ್ದಿಗೆ ಹಚ್ಚರಿ. ನಾಳಿಗೆ ನೀರು ಕೆಳಗ ಬಂದ ಮ್ಯಾಲ ಸಿದ್ದಪ್ಪನ ಸಸಿ ಬಸಣ್ಣಗ. ಸಿದ್ದಪ್ಪನ್ನ ಕೇಳಬ್ಯಾಡ್ರಿ, ಅವನ ಹೇಣ್ತಿನ್ನ ಕೇಳ್ರಿ. ತಡೀರಿ ಸರ್, ಒಳಗ ಕರಿಯಾಕತ್ತಾರ."

ಫೋನು ಕಡಿಯಿತು. ನಾವು ಸಸಿಯ ಕಟ್ಟುಗಳನ್ನು ಟಂಟಂಗೆ ತುಂಬಿ, ಒದ್ದೆ ಗೋಣಿಚೀಲ ಹೊದಿಸಿ ಸಿದ್ದಪ್ಪನ ಗದ್ದೆಗೆ ಹೋದೆವು. ಸಿದ್ದಪ್ಪ ತಲೆ ಕೆರೆದುಕೊಳ್ಳುತ್ತಾ ನಿಂತಾಗ ಅವನ ಹೆಂಡತಿ, ಭೀಮವ್ವ ಹೇಳಿದಳೆಂದರೆ ಮುಗಿಯಿತು ಎಂದು ತಾನೇ ಗದ್ದೆಗಿಳಿದಳು. ಖಾಜಾಬಿ ಮುಂದೆ ನಿಂತು ಹಾಡು ಎತ್ತಿದಳು. ಒಬ್ಬರ ಕೊರತೆಯಿದ್ದುದರಿಂದ ಕಟ್ಟು ಹೊತ್ತು ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಪ್ಯಾಂಟು ಮಡಚಿ ಇಳಿದೆ. ಮೂರನೆಯ ಕಟ್ಟು ಹೊತ್ತಾಗ ಕಾಲು ಹೂತು ಹಿಂದಕ್ಕೆ ಕೂತೆ. ಮಾತಾಡದ ಮಲ್ಲಮ್ಮ ಆ ದಿನ ಮೊದಲ ಬಾರಿಗೆ ಮಾತಾಡಿ, ಸರ್ ಅವರಿಗೆ ಎಷ್ಟನೇ ನಂಬರು ಎಂದು ಕೇಳಿದಳು.

ಅರ್ಧ ಗದ್ದೆ ಮುಗಿದಿರಬೇಕು, ಫೋನು ಬಂತು. ಕೆಸರಿನ ಕೈಯಲ್ಲೇ ಎತ್ತಿದೆ. ಭೀಮವ್ವನ ದನಿ ನಡುಗುತ್ತಿತ್ತು.

"ಸಸಿ ಬಾಡಿಲ್ಲೇನ್ರಿ?" ಎಂದು ಕೇಳಿದಳು.

ಇಲ್ಲ, ಅರ್ಧ ಆಯಿತು ಎಂದೆ. ಅವಳು ಒಂದು ಉಸಿರು ಬಿಟ್ಟು, "ಹೆಣ್ಣು ಹುಟ್ಟ್ಯದ್ರಿ. ಇಬ್ಬರೂ ಚಲೋ ಅದಾರ," ಎಂದಳು. ಆಮೇಲೆ ಅವಳು ಅಳತೊಡಗಿದಳು. ಸುದ್ದಿ ಹೇಳಿದಾಗ ಸಾಲಿನ ಹೆಂಗಸರೆಲ್ಲ ಒಮ್ಮೆ ಬೆನ್ನು ನೆಟ್ಟಗೆ ಮಾಡಿ ನಿಂತು ನಕ್ಕರು. ಖಾಜಾಬಿ ಕಣ್ಣೊರೆಸಿಕೊಂಡು ಮತ್ತೆ ಬಗ್ಗಿದಳು. ಮೂವತ್ತು ಹೆಸರು ಮತ್ತು ಇಪ್ಪತ್ತು ಚಿಲ್ಲರೆ ಗದ್ದೆ ನನ್ನ ಬಳಿಯೂ ಇದ್ದವು. ಅದು ದತ್ತಾಂಶ. ಸಿದ್ದಪ್ಪನ ಹೆಂಡತಿಯನ್ನು ಕೇಳಬೇಕು ಎಂಬುದು ಮಾಹಿತಿ. ಇಷ್ಟು ಸಣ್ಣ ಸಂಗತಿ ತಿಳಿಯಲು ನನಗೆ ಒಂದು ಪ್ಯಾಂಟು ಹಾಳಾಯಿತು.

ವಾರದ ಉಳಿದ ದಿನಗಳಲ್ಲಿ ಖಾಜಾಬಿಯೇ ಮುಂಜಾನೆ ಸೇತುವೆಯ ಮೇಲೆ ನಿಂತು ನೀರು ನೋಡಿ ಕಲಬುರಗಿಗೆ ಹೇಳುತ್ತಿದ್ದಳು, ಅಲ್ಲಿಂದ ಅಪ್ಪಣೆ ಬರುತ್ತಿತ್ತು. ನನಗೆ ಯಾರೂ ಫೋನು ಮಾಡಲಿಲ್ಲ. ಬಸಣ್ಣನ ಗದ್ದೆಯೂ ಎರಡು ದಿನದಲ್ಲಿ ಹಸಿರಾಯಿತು.

ಮುಂದಿನ ನಾಟಿಯ ಹೊತ್ತಿಗೆ ಭೀಮವ್ವ ಮೊಮ್ಮಗಳನ್ನು ಕಂಕುಳಲ್ಲಿ ಹೊತ್ತು ಮನೆಗೆ ಬಂದು, ಸರ್ ಆ ಪಟ್ಟಿ ಈ ಸಲವೂ ಒಂದು ಮಾಡಿಕೊಡಿ ಎಂದಳು. ನಾನು ಉಬ್ಬಿಹೋದೆ. ಈ ಸಲ ಜಗಳಕ್ಕೂ ಸೇತುವೆಗೂ ಕಾಲಂ ಹಾಕುತ್ತೇನೆ, ಎಲ್ಲವನ್ನೂ ಸರಿಯಾಗಿ ಕೇಳಿ ಬರೆಯುತ್ತೇನೆ ಎಂದು ಪೆನ್ನು ತೆಗೆದೆ. ಅವಳು ಸಂಕೋಚದಿಂದ ನಕ್ಕಳು.

"ಅಷ್ಟೆಲ್ಲಾ ತ್ರಾಸ ತಗೋಬ್ಯಾಡ್ರಿ. ನಾ ಬಾಯಿಲೆ ಹೇಳಿದ್ರ ನನ್ನ ಪಾಳಿ ಮೊದಲು ಅಂತ ರೈತರು ಜಗಳಾ ತಗೀತಾರ. ಕಂಪ್ಯೂಟರ್ ಕಾಗದ ತೋರಿಸಿದ್ರ ಸುಮ್ಮನಾಗ್ತಾರ್ರಿ. ನೀವು ಏನು ಬರದ್ರೂ ನಡೀತದ."

ಅಂದಿನಿಂದ ಪ್ರತಿ ನಾಟಿಗೂ ಒಂದು ಪಟ್ಟಿ ಮಾಡಿಕೊಡುತ್ತೇನೆ. ಗೆರೆಗಳು ನೇರವಾಗಿರಬೇಕು, ಅಕ್ಷರ ದಪ್ಪವಾಗಿರಬೇಕು, ಕೆಳಗೆ ನನ್ನ ಸಹಿ ಮತ್ತು ಕಾಲೇಜಿನ ಹುದ್ದೆ ಇರಲೇಬೇಕೆಂದು ಭೀಮವ್ವನ ತಾಕೀತು. ರೈತರು ಅದನ್ನು ಭಕ್ತಿಯಿಂದ ನೋಡುತ್ತಾರಂತೆ. ಈವರೆಗೆ ಅದನ್ನು ಓದಿದವರು ಇಬ್ಬರು. ಒಬ್ಬ ನಾನು. ಇನ್ನೊಬ್ಬಳು ಸುಮಂಗಲಾ, ಅವಳು ಅದರಲ್ಲಿ ಮೂರು ಕಾಗುಣಿತದ ತಪ್ಪು ಹುಡುಕಿಕೊಟ್ಟಿದ್ದಾಳೆ.