ಮೂವತ್ತು ವರ್ಷದ ಯುದ್ಧಕ್ಕೆ ಹದಿನೈದನೆಯ ವಿದ್ಯಾರ್ಥಿ

ಹಳೇ ಕಾಲೇಜಿನಲ್ಲಿ ಪಾಠಕ್ಕಿಂತ ಪ್ರಸಂಗಗಳೇ ಜಾಸ್ತಿ. ಹೊನ್ನಾಳಿ ಕಡೆಯ ಅಂಥದೊಂದು ಕಾಲೇಜಿನಲ್ಲಿ ಇತಿಹಾಸ ಹೇಳುತ್ತಲೇ ನನ್ನ ತಲೆ ನೆರೆಯಿತು. ಪಾಠ ಮರೆತರೂ ಪ್ರಸಂಗಗಳು ಮರೆತಿಲ್ಲ.

೧. ಗಂಟೆ

ನಮ್ಮ ಅಟೆಂಡರಣ್ಣ ನ್ಯಾಮತಿಯವರು. ರೈಲೇ ಬಾರದ ಊರಿನಲ್ಲಿ ರೈಲು ಕಂಬಿಯ ತುಂಡೊಂದನ್ನು ಬೇವಿನ ಮರಕ್ಕೆ ನೇತುಹಾಕಿ ಮೂವತ್ತು ವರ್ಷ ಗಂಟೆ ಬಾರಿಸಿದರು. ಬಿಡುವಿದ್ದಾಗೆಲ್ಲ ನನ್ನ ಕ್ಲಾಸಿನ ಬಾಗಿಲ ಬಳಿ ನಿಂತು ಪಾಠ ಕೇಳುವರು, ಹೊತ್ತಾದಾಗ ಗಂಟೆಗೆ ಓಡುವರು. ಗಂಟೆಯಾದರೆ ಉಳಿದದ್ದನ್ನು “ನೀವೇ ಓದಿಕೊಳ್ಳಿ” ಎನ್ನುವುದು ನನ್ನ ಪದ್ಧತಿ.

ಒಂದು ದಿನ ಗಂಟೆ ಹತ್ತು ನಿಮಿಷ ಮೊದಲೇ ಆಯಿತು. ಪ್ರಿನ್ಸಿಪಾಲರು ಅಟೆಂಡರಣ್ಣನನ್ನು ಕರೆಸಿ ಕಾರಣ ಕೇಳಿದರು.

“ಇತಿಹಾಸದ ಕ್ಲಾಸಿನಾಗೆ ಹಿಂದಿನ ಬೆಂಚು ಪೂರ್ತಿ ಮಲಗಿತ್ತು ಸಾರ್. ಎಬ್ಬಿಸಾಕೆ ಹೊಡೆದೆ.”

ಎರಡು ದಿನ ನಾನು ಅವರ ಜೊತೆ ಮಾತು ಬಿಟ್ಟೆ. ಮೂರನೇ ದಿನ ಹಿಂದಿನ ಬೆಂಚನ್ನು ನೋಡಿದೆ, ಮತ್ತೆ ಮಲಗಿತ್ತು. ಸಿಟ್ಟು ಇಳಿಯಿತು.

೨. ಅರ್ಜಿ

ಅಟೆಂಡರಣ್ಣ ನಿವೃತ್ತರಾದರು, ಕರೆಂಟಿನ ಗಂಟೆ ಬಂತು. ಆ ವರ್ಷವೇ ಮೇಲಿನಿಂದ ಪತ್ರವೂ ಬಂತು: ಹದಿನೈದು ಮಂದಿ ಸೇರದಿದ್ದರೆ ಇತಿಹಾಸ ವಿಭಾಗ ಮುಚ್ಚಬೇಕು. ಇಷ್ಟು ರಾಜರ ಪತನ ಪಾಠ ಮಾಡಿದವನಿಗೆ ತನ್ನದೇ ವಿಭಾಗದ ಪತನ ನೋಡುವ ಧೈರ್ಯವಿರಲಿಲ್ಲ. ಅರ್ಜಿಗಳ ಕಟ್ಟು ಹಿಡಿದು ಊರೂರು ಹೊರಟೆ.

ತ್ಯಾವಣಿಗೆಯಲ್ಲಿ ಒಬ್ಬ ಯಜಮಾನರು ಮಜ್ಜಿಗೆ ಕೊಟ್ಟು ಕೇಳಿದರು, “ಇತಿಹಾಸ ಓದಿ ಏನ್ರೀ ಮಾಡಾಕೆ ಬರ್ತೈತೆ?”

“ನನ್ನ ಹಂಗೆ ಮೇಷ್ಟ್ರಾಗಬಹುದು.”

ಅವರು ನನ್ನ ಬೆವರು, ಧೂಳು ಹಿಡಿದ ಚಪ್ಪಲಿ, ಅರ್ಜಿ ಕಟ್ಟು ಎಲ್ಲ ನೋಡಿದರು. “ಮೇಷ್ಟ್ರಾಗಿ ನೀವೇ ಹಿಂಗೆ ಬಿಸಿಲಾಗೆ ಮನೆ ಮನೆ ತಿರುಗಾಕೆ ಹತ್ತೀರಲ್ರೀ.”

ಒಳಗಿನಿಂದ ಮಗಳೇ ಬಂದು ಅರ್ಜಿ ಇಸಿದುಕೊಂಡಳು. “ಅಪ್ಪಾ, ಪಾಪ ಅನ್ನಿಸ್ತೈತೆ, ಸೇರ್ಕೊಳ್ತೀನಿ” ಅಂದಳು. ಹದಿನಾಲ್ಕನೆಯವಳು ಹೀಗೆ ಕನಿಕರದಿಂದ ಸಿಕ್ಕಳು.

೩. ಹದಿನೈದು

ಕೊನೆಯ ದಿನ ಸಂಜೆಯಾದರೂ ಇನ್ನೊಬ್ಬರು ಬರಲಿಲ್ಲ. ಆಫೀಸಿನ ಕಿಟಕಿ ಮುಚ್ಚುವ ಹೊತ್ತಿಗೆ ಅಟೆಂಡರಣ್ಣ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಹಳೇ ಪಿಯುಸಿ ಅಂಕಪಟ್ಟಿ.

“ಬಾಗಿಲಾಗೆ ನಿಂತು ಕೇಳಿದ್ದು ಸಾಕು ಸಾರ್. ಒಳಗೆ ಕುಂತು ಕೇಳ್ತೀನಿ.”

ನನ್ನ ಕಣ್ಣು ಒದ್ದೆಯಾಯಿತು. ಅವರು ಮಾತ್ರ ಗುಮಾಸ್ತರ ಕಡೆ ತಿರುಗಿ, “ಹಿಂದಿನ ಬೆಂಚು ಬ್ಯಾಡ. ಅಲ್ಲಿ ನಿದ್ದೆ ಬರ್ತೈತೆ” ಅಂದರು.

೪. ಯುದ್ಧ

ಕಳೆದ ತಿಂಗಳು ಯುರೋಪಿನ ‘ಮೂವತ್ತು ವರ್ಷಗಳ ಯುದ್ಧ’ದ ಪಾಠ. ಅರ್ಧದಲ್ಲೇ ಕರೆಂಟಿನ ಗಂಟೆ ಆಯಿತು. ಹುಡುಗರು ಎದ್ದರು. ನಾನೂ ಪದ್ಧತಿಯಂತೆ ಪುಸ್ತಕ ಮಡಚಿದೆ.

ಮೊದಲ ಬೆಂಚಿನಿಂದ ಅಟೆಂಡರಣ್ಣ ಹೇಳಿದರು, “ಎಲ್ರೂ ಕೂತ್ಕಳ್ರಿ. ಸಾರ್, ಪ್ರತಿ ವರ್ಷ ಪಾಠ ಇಲ್ಲಿಗೆ ಬರೋ ಹೊತ್ತಿಗೆ ನಾನು ಗಂಟೆ ಹೊಡೆಯಾಕೆ ಹೋಗಬೇಕಿತ್ತು. ಇವತ್ತು ನನ್ನ ಡ್ಯೂಟಿ ಇಲ್ಲ. ಈ ಯುದ್ಧದಾಗೆ ಯಾರು ಗೆದ್ರು, ಹೇಳಿ ಮುಗಿಸ್ರಿ.”

ಹದಿನೈದೂ ಮಂದಿ ಕೂತು ನನ್ನ ಮುಖ ನೋಡಿದರು. ಯಾರೂ ನಿದ್ದೆ ಮಾಡುತ್ತಿರಲಿಲ್ಲ.

ಮೂವತ್ತು ವರ್ಷದಲ್ಲಿ ಪಾಠ ಅಲ್ಲಿಂದ ಮುಂದಕ್ಕೆ ಹೋದದ್ದೇ ಇಲ್ಲ. “ನಾಳೆ ಹೇಳ್ತೀನಿ” ಅಂದು ಮನೆಗೆ ಹೋಗಿ, ಮೊದಲ ಸಲ ನಾನೇ ಓದಿಕೊಂಡೆ.