ಆಕ್ಷೇಪಣೆ ಇಲ್ಲದ ಮೇಜು

ಬೆಳಿಗ್ಗೆ ಹತ್ತೂಕಾಲಿಗೆ ಪುರಸಭೆಯ ಟಪಾಲು ಗುಮಾಸ್ತ ಒಂದು ಲಕೋಟೆ ಒಡೆದ. ಅವನ ಗ್ರಹಚಾರ ಶುರುವಾದದ್ದು ಅಲ್ಲಿಂದ.

ಲಕೋಟೆ ಒಡೆಯುವುದು ಅವನ ಕೆಲಸವೇ. ಹನ್ನೊಂದು ವರ್ಷದಿಂದ ಒಡೆಯುತ್ತಿದ್ದ. ಆದರೆ ಒಡೆದದ್ದನ್ನು ಓದುವ ಚಟ ಅವನಿಗಿರಲಿಲ್ಲ. ಮೊಹರು ಒತ್ತಿ, ನಂಬರು ಹಾಕಿ, ಮುಂದಿನ ಮೇಜಿಗೆ ದಾಟಿಸಿಬಿಡುತ್ತಿದ್ದ. ಅವತ್ತು ಯಾಕೋ ಓದಿದ. ಓದಿದ್ದಲ್ಲದೆ, "ಅಯ್ಯೋ, ಇವತ್ತೇ!" ಎಂದು ಗಟ್ಟಿಯಾಗಿ ಕೂಗಿಯೂಬಿಟ್ಟ. ಮೊದಲು ಬಾಯಿಬಿಟ್ಟವನಿಗೇ ಕೆಲಸ ಅಂಟುವುದು ಆ ಕಚೇರಿಯ ರೂಢಿ.

ಪತ್ರದಲ್ಲಿದ್ದದ್ದರ ಸಾರ ಇಷ್ಟು: ಸರ್ಕಾರಿ ಕಟ್ಟಡಗಳಲ್ಲಿರುವ ಭದ್ರತಾ ಕ್ಯಾಮೆರಾಗಳು ಯಾರ ಖಾಸಗಿತನಕ್ಕೂ ಧಕ್ಕೆ ತರಬಾರದು. ಕ್ಯಾಮೆರಾ ಇದೆಯೆಂದು ಬೋರ್ಡು ಹಾಕಬೇಕು. ಆಕ್ಷೇಪಣೆಗಳನ್ನು ಬರಹದಲ್ಲಿ ಪಡೆದು ಇತ್ಯರ್ಥಪಡಿಸಬೇಕು. ಇದಕ್ಕೆಲ್ಲ ಒಬ್ಬ ಹೊಣೆಗಾರ ನೌಕರನಿರಬೇಕು. ತಪಾಸಣೆಯ ದಿನ ಇವತ್ತು, ಸಮಯ ಮಧ್ಯಾಹ್ನ ಮೂರು.

ಪತ್ರ ಹಿಡಿದು ಒಳಗೆ ಹೋದ ಟಪಾಲಣ್ಣನನ್ನು ಸಾಹೇಬರು ಕಣ್ತುಂಬ ನೋಡಿದರು. "ಹೊಣೆಗಾರ ನೌಕರ" ಎಂಬ ಸಾಲಿನ ಪಕ್ಕದಲ್ಲಿ ಅವನ ಹುದ್ದೆ ಬರೆದು ಸಹಿ ಹಾಕಿದರು.

"ಸಾರ್, ನಂಗೆ ಕ್ಯಾಮೆರಾ ವಿಷಯ ಏನೂ ಗೊತ್ತಿಲ್ಲ..."

"ನಂಗೆ ಆಡಳಿತದ ವಿಷಯ ಗೊತ್ತಿತ್ತೇನ್ರೀ? ಹದಿನಾಲ್ಕು ವರ್ಷದಿಂದ ಮಾಡ್ತಾ ಇಲ್ವಾ?" ಎಂದರು ಸಾಹೇಬರು. ಮೇಜಿನ ಖಾನೆಯನ್ನು ಅರ್ಧ ಎಳೆದು, ಒಂದು ಕಾಗದದ ತುದಿ ತೋರಿಸಿ, ಮತ್ತೆ ತಳ್ಳಿದರು. "ತಪಾಸಣೆ ಸುಸೂತ್ರವಾಗಿ ಮುಗೀಲಿ. ಇದಕ್ಕೆ ಇವತ್ತೇ ಸಹಿ ಹಾಕ್ತೀನಿ."

ಅದು ಟಪಾಲಣ್ಣನ ಬಿಡುಗಡೆ ಆದೇಶ. ಅವನ ಹೆಂಡತಿ ಐದು ಗಂಟೆ ಪ್ರಯಾಣದ ದೂರದ ಊರಲ್ಲಿ ನರ್ಸು. ಮಗಳೂ ಅಲ್ಲೇ. ಆ ಊರಿಗೆ ಅವನಿಗೆ ವರ್ಗವಾಗಿ ಒಂದೂವರೆ ವರ್ಷವಾಗಿತ್ತು. ಸಾಹೇಬರು ಒಂದು ಸಹಿ ಹಾಕಿ ಬಿಡುಗಡೆ ಮಾಡುವುದಷ್ಟೇ ಬಾಕಿ. ಮಗಳು ಫೋನಿನಲ್ಲಿ "ಅಪ್ಪ ಯಾವಾಗ ಬರ್ತೀಯ?" ಎನ್ನುವುದನ್ನು ಬಿಟ್ಟು "ಅಪ್ಪ ಹೇಗಿದ್ದೀಯ?" ಎನ್ನಲು ಶುರುಮಾಡಿದ್ದಳು. ಅದು ಅವನಿಗೆ ತುಂಬ ಚುಚ್ಚಿತ್ತು.

ಕಾಗದದ ತುದಿ ಕಂಡದ್ದೇ ತಡ, ಅವನಿಗೆ ಆನೆಬಲ ಬಂತು.

ಆ ಕಟ್ಟಡದಲ್ಲಿದ್ದದ್ದು ಒಂದೇ ಕ್ಯಾಮೆರಾ. ದೊಡ್ಡ ಹಾಲಿನ ಮೂಲೆಯಲ್ಲಿ, ಸೂರಿಗೆ ಅಂಟಿಕೊಂಡು, ಜೇಡರ ಬಲೆಯ ಮುಸುಕು ಹೊದ್ದು, ಬೇಜಾರಾದ ಗೂಬೆಯ ಹಾಗೆ ನಾಲ್ಕು ವರ್ಷದಿಂದ ಕೂತಿತ್ತು. ಅದು ನೋಡಿದ್ದೆಲ್ಲ ಸಾಹೇಬರ ಕೋಣೆಯ ಒಂದು ಪೆಟ್ಟಿಗೆಯಲ್ಲಿ ದಾಖಲಾಗುತ್ತಿತ್ತು. ಆ ಪೆಟ್ಟಿಗೆಯ ಮೇಲೆ ಸಾಹೇಬರು ಫ್ಲಾಸ್ಕ್ ಇಡುತ್ತಿದ್ದರು. ಟಪಾಲಣ್ಣ ಬಿಳಿ ಹಾಳೆಯ ಮೇಲೆ, "ಈ ಸ್ಥಳ ಕ್ಯಾಮೆರಾ ಕಣ್ಗಾವಲಿನಲ್ಲಿದೆ. ಆಕ್ಷೇಪಣೆ ಇರುವವರು ಟಪಾಲು ಗುಮಾಸ್ತರನ್ನು ಕಾಣುವುದು" ಎಂದು ಬರೆದು ಗೋಡೆಗೆ ಅಂಟಿಸಿದ.

ಗೋಂದು ಒಣಗುವ ಮೊದಲೇ ಹೆಡ್ ಕ್ಲರ್ಕ್ ಬಂದರು. ಅವರನ್ನು ಎಲ್ಲರೂ ಕರೆಯುವುದು ಅಕ್ಕ ಎಂದು.

"ಏನೋ ಇದು? ನಾಲ್ಕು ವರ್ಷದಿಂದ ಇದು ನನ್ನ ನೋಡ್ತಾ ಇದೆಯಾ?"

"ಹೌದಕ್ಕ, ಆವಾಗ್ಲಿಂದ ಅಲ್ಲೇ ಇದೆಯಲ್ಲ."

"ಇದ್ದದ್ದು ಬೇರೆ, ನೋಡೋದು ಬೇರೆ!"

ಅಕ್ಕನ ಮೇಜಿನ ಮೇಲೆ ಕಡತ, ಕಡತದ ಕೆಳಗೆ ಉಣ್ಣೆಯ ಉಂಡೆ. ಊರಿನ ಅರ್ಧ ಜನರ ಸ್ವೆಟರು ಪುರಸಭೆಯ ಸಮಯದಲ್ಲೇ ಹುಟ್ಟಿದ್ದವು. "ಹೆಂಗಸು ಕೂತಿರೋ ಜಾಗ ಅಂದ್ರೆ ಖಾಸಗಿ ಜಾಗ. ನನ್ನ ಆಕ್ಷೇಪಣೆ ಬರ್ಕೋ" ಎಂದು ಅವರೇ ಬರೆದುಕೊಟ್ಟರು.

ಟಪಾಲಣ್ಣ ಎಲೆಕ್ಟ್ರಿಷಿಯನ್‌ಗೆ ಹೇಳಿಕಳಿಸಿದ. ಕೆಲಸದ ಆದೇಶ ಬರಹದಲ್ಲಿ ಬಂದರೆ ಮುಂದಿನ ವಾರ ನೋಡೋಣ ಎಂದು ಉತ್ತರ ಬಂತು. ಸರಿ, ತಾನೇ ಮೇಜಿನ ಮೇಲೆ ಕುರ್ಚಿ ಇಟ್ಟು, ಕುರ್ಚಿಯ ಮೇಲೆ ಹತ್ತಿ, ಕ್ಯಾಮೆರಾದ ಕತ್ತನ್ನು ಎಡಕ್ಕೆ ತಿರುಗಿಸಿದ. ಕೆಳಗಿನಿಂದ ಒಂದು ಕೆಮ್ಮು ಕೇಳಿಸಿತು.

ಕೆಮ್ಮಿದವನು ನಲ್ಲಿ. ಆ ಹೆಸರು ಬಂದದ್ದು ನೀರಿನ ತೆರಿಗೆ ಕೌಂಟರಿನಲ್ಲಿ ಕೂತದ್ದಕ್ಕಲ್ಲ. ಅವನು ಯಾವಾಗ ಬರುತ್ತಾನೆ, ಯಾವಾಗ ನಿಂತುಹೋಗುತ್ತಾನೆ ಎಂಬುದು ಯಾರಿಗೂ ತಿಳಿಯುತ್ತಿರಲಿಲ್ಲ. ದಿನವೂ ಹನ್ನೊಂದಕ್ಕೆ ಪಕ್ಕದ ಬಾಗಿಲಿಂದ ಮಾಯವಾಗಿ ಮೂರರ ಸುಮಾರಿಗೆ ಮತ್ತೆ ಹರಿಯುತ್ತಿದ್ದ.

"ಟಪಾಲಣ್ಣ, ಈಗ ಅದು ಪಕ್ಕದ ಬಾಗಿಲನ್ನ ನೋಡ್ತಾ ಇದೆ."

"ನೋಡಿದ್ರೆ ನೋಡ್ಲಿ ಬಿಡಪ್ಪ, ಬಾಗಿಲಿಗೇನು ನಾಚಿಕೆ?"

"ಬಾಗಿಲಿಗಿಲ್ಲ. ಅದರಲ್ಲಿ ಹೋಗೋರಿಗೆ ಇರುತ್ತಲ್ಲ" ಎಂದು ನಲ್ಲಿ ಜೇಬಿನಿಂದ ಮಡಿಚಿದ ಅರ್ಜಿ ತೆಗೆದ.

ಕ್ಯಾಮೆರಾ ಬಲಕ್ಕೆ ತಿರುಗಿತು. ಬಲಕ್ಕಿದ್ದದ್ದು ಸಾಹೇಬರ ಕೋಣೆ. ಬಾಗಿಲು ಒಂದಂಗುಲ ತೆರೆದು, ಒಂದು ಕಣ್ಣು ಕಾಣಿಸಿ, ಅದರ ಹಿಂದಿನಿಂದ ದನಿ ಬಂತು. "ನೋಡಿ, ನಂದೇನೂ ಇಲ್ಲ. ನಾನು ತೆರೆದ ಪುಸ್ತಕ. ಆದ್ರೆ ನನ್ನ ನೋಡೋಕೆ ಗುತ್ತಿಗೆದಾರರು ಬರ್ತಾರೆ, ಪಾಪ, ಸಂಕೋಚದ ಜನ. ಕೈಯಲ್ಲಿ ಏನೋ ಹಿಡ್ಕೊಂಡು ಬರ್ತಾರೆ, ಖಾಲಿ ಕೈಯಲ್ಲಿ ಹೋಗ್ತಾರೆ. ಅದನ್ನೆಲ್ಲ ಚಿತ್ರ ತೆಗೆಯೋದು ಮರ್ಯಾದೆ ಅಲ್ಲ." ಬಾಗಿಲ ಸಂದಿಯಿಂದ ಒಂದು ಆಕ್ಷೇಪಣೆ ಹೊರಬಂತು. ಸಾಹೇಬರ ಕೈಯಿಂದ ಯಾವ ಕಾಗದವೂ ಇಷ್ಟು ಬೇಗ ಹೊರಬಂದದ್ದನ್ನು ಟಪಾಲಣ್ಣ ಕಂಡಿರಲಿಲ್ಲ.

ಎದುರಿಗೆ ಓದುವ ಕೋಣೆ. ಅಲ್ಲಿಗೆ ತಿರುಗಿಸಿದ. ಅಲ್ಲಿ ನಿವೃತ್ತ ಮೇಷ್ಟ್ರು ಒಬ್ಬರು ಪತ್ರಿಕೆಯನ್ನು ಮುಖದ ಮೇಲೆ ಹೊದ್ದು ಗೊರಕೆ ಹೊಡೆಯುತ್ತಿದ್ದರು. ಕುರ್ಚಿಯ ಕಿರುಗುಟ್ಟುವಿಕೆಗೆ ಎದ್ದು ಕೂತರು.

"ನಿದ್ದೆಗಿಂತ ಖಾಸಗಿಯಾದದ್ದು ಮನುಷ್ಯನಿಗೆ ಯಾವುದಿದೆಯಪ್ಪ? ಮನೇಲಿ ಸೊಸೆ ಬಿಡಲ್ಲ, ಇಲ್ಲಿ ನೀನು!" ಎಂದು ಕಾಗುಣಿತ ದೋಷವಿಲ್ಲದ ಎರಡು ಪುಟದ ಆಕ್ಷೇಪಣೆ ಬರೆದರು.

ಉಳಿದದ್ದು ಕಿಟಕಿ. ಕ್ಯಾಮೆರಾ ಅತ್ತ ತಿರುಗಿ ಒಂದು ನಿಮಿಷವಾಗಿರಲಿಲ್ಲ, ಎದುರು ಮನೆಯಾಕೆ ರಸ್ತೆ ದಾಟಿ, ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಬಂದಳು. "ನಮ್ಮ ಮನೆ ಕಿಟಕಿ ನೋಡೋಕೆ ನಿಮಗೆ ಸರ್ಕಾರ ಸಂಬಳ ಕೊಡ್ತದೇನ್ರೀ?"

"ಇಲ್ಲ ತಾಯಿ, ಈಗ ತಾನೆ ತಿರುಗಿಸಿದೆ. ನಿಮಗೆ ಹೇಗೆ ಗೊತ್ತಾಯ್ತು?"

"ನಾನು ಬೆಳಿಗ್ಗೆಯಿಂದ ನಿಮ್ಮನ್ನೇ ನೋಡ್ತಾ ಇದ್ದೀನಿ!"

ಗಂಟೆ ಒಂದಾಗಿತ್ತು. ಟಪಾಲಣ್ಣ ಕುರ್ಚಿಯ ಮೇಲೆ, ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅಳುವ ಮಗುವನ್ನು ಯಾರ ಮಡಿಲಿಗೆ ಹಾಕಲಿ ಎನ್ನುವವನ ಹಾಗೆ ನಿಂತಿದ್ದ. ಕೆಳಗೆ ಇಡೀ ಕಚೇರಿ ನೆರೆದಿತ್ತು. ಕೆಲಸಕ್ಕೆ ಬಂದ ಸಾರ್ವಜನಿಕರು ಕೌಂಟರು ಖಾಲಿಯಿದ್ದುದನ್ನು ನೋಡಿ ತಾವೂ ಬಂದು ಸೇರಿದ್ದರು. ಎಲ್ಲರೂ ಕತ್ತೆತ್ತಿ ಮೇಲೆ ನೋಡುತ್ತಿದ್ದರು. ಪಕ್ಕದ ಬಾಗಿಲ ಕಡೆ ನೋಡುವವರು ಒಬ್ಬರೂ ಇರಲಿಲ್ಲ.

"ಗೋಡೆಗೆ ತಿರುಗಿಸಿ" ಎಂದ ಯಾರೋ ಒಬ್ಬ.

"ಗೋಡೆ ನೋಡೋ ಕ್ಯಾಮೆರಾನ ತಪಾಸಣೆಗೆ ಬರೋ ಅಧಿಕಾರಿ ಒಪ್ತಾರಾ?" ಎಂದು ಅಕ್ಕ ಗದರಿ, ಸುತ್ತ ಕಣ್ಣು ಹಾಯಿಸಿ, ಸಮಾಧಾನದ ದನಿಯಲ್ಲಿ ಹೇಳಿದರು. "ನಿನ್ನ ಮೇಜಿಗೇ ತಿರುಗಿಸ್ಕೊಳೋ. ನಿಂಗೇನು, ಮುಚ್ಚಿಡೋಕೆ ಏನಿದೆ? ಬರ್ತೀಯ, ಮೊಹರು ಹೊಡೀತೀಯ, ಹೋಗ್ತೀಯ."

ಹನ್ನೊಂದು ವರ್ಷದ ತನ್ನ ಬದುಕು ಇಷ್ಟು ಚಿಕ್ಕ ವಾಕ್ಯದಲ್ಲಿ ಮುಗಿದುಹೋದದ್ದಕ್ಕೆ ಟಪಾಲಣ್ಣನಿಗೆ ಬೇಸರವಾಯಿತು. ಆದರೆ ಖಾನೆಯೊಳಗಿನ ಕಾಗದದ ತುದಿ ನೆನಪಾಯಿತು. ಕ್ಯಾಮೆರಾದ ಕತ್ತು ತಿರುಗಿಸಿ, ತಿರುಪು ಬಿಗಿಮಾಡಿದ. ಅದು ಅವನ ಮೇಜನ್ನು, ಬರೀ ಅವನ ಮೇಜನ್ನು, ಕಣ್ಣು ಮಿಟುಕಿಸದೆ ನೋಡತೊಡಗಿತು. ಹಳೆಯ ದಾಖಲೆಯಲ್ಲಿ ಎಲ್ಲರ ಖಾಸಗಿತನವೂ ಕೆಟ್ಟಿರುವುದರಿಂದ ಅದನ್ನು ಉಳಿಸುವುದು ಅಪರಾಧ ಎಂದು ಸಾಹೇಬರು ಫ್ಲಾಸ್ಕ್ ಪಕ್ಕಕ್ಕಿಟ್ಟು ನಾಲ್ಕು ವರ್ಷವನ್ನೂ ಆ ಬೆಳಗನ್ನೂ ತಾವೇ ಅಳಿಸಿಹಾಕಿದರು.

ಎರಡು ಗಂಟೆಗೆ ಅಕ್ಕ ಪತ್ರವನ್ನು ಇನ್ನೊಮ್ಮೆ ಓದಿದರು. "ಒಂಬತ್ತನೇ ಅಂಶ ನೋಡಿದ್ಯೇನೋ? ಇತ್ಯರ್ಥವಾದ ಆಕ್ಷೇಪಣೆಗಳನ್ನ ಅವತ್ತೇ ನಾಶ ಮಾಡ್ಬೇಕಂತೆ. ಬರೆದವರ ಹೆಸರು ಯಾರಿಗೂ ಗೊತ್ತಾಗಬಾರದಂತೆ."

ನಿಯಮವೆಂದರೆ ನಿಯಮ. ಟಪಾಲಣ್ಣ ತನ್ನ ಮೇಜಿಗೆ ಕೂತು, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಎಡಕ್ಕೂ ಬಲಕ್ಕೂ ನೋಡಿ, ಆಕ್ಷೇಪಣೆಗಳನ್ನು ಒಂದೊಂದಾಗಿ ಹರಿದ. ಮೇಷ್ಟ್ರದ್ದು ದಪ್ಪ ಕಾಗದ, ಹಲ್ಲು ಕಚ್ಚಿ ಹರಿಯಬೇಕಾಯಿತು. ಚೂರುಗಳನ್ನೆಲ್ಲ ತನ್ನ ಚೀಲಕ್ಕೆ ತುಂಬಿ, ಎದ್ದು ಹೋಗಿ, ಹಿಂದಿನ ಚರಂಡಿಗೆ ಸುರಿದು ಬಂದ.

ಸರಿಯಾಗಿ ಮೂರಕ್ಕೆ ತಪಾಸಣಾಧಿಕಾರಿ ಬಂದರು. ಕಡ್ಡಿಯಂಥ ಹೆಂಗಸು, ಕಡ್ಡಿ ಮುರಿದ ಹಾಗೆ ಮಾತು. ಬೋರ್ಡು ನೋಡಿದರು. ಕ್ಯಾಮೆರಾ ನೋಡಿದರು. ಅದು ನೋಡುತ್ತಿದ್ದವನನ್ನೂ ನೋಡಿದರು.

"ನಿಮಗೆ ಆಕ್ಷೇಪಣೆ ಇಲ್ವಾ?"

"ಇಲ್ಲ ಮೇಡಂ."

"ಇಪ್ಪತ್ತೆರಡು ಕಚೇರಿ ನೋಡಿದ್ದೀನಿ. ಒಬ್ಬರ ಖಾಸಗಿತನಕ್ಕೂ ಕುಂದು ಬಾರದ ಕಟ್ಟಡ ಇದೊಂದೇ" ಎಂದು ಪ್ರಮಾಣಪತ್ರ ಬರೆದುಕೊಟ್ಟು ಹೊರಟೇ ಹೋದರು.

ಸಾಹೇಬರು ಕೊಟ್ಟ ಮಾತು ಉಳಿಸಿಕೊಂಡರು. ಮೂರೂವರೆಗೆ ಬಿಡುಗಡೆ ಆದೇಶ ಟಪಾಲಣ್ಣನ ಕೈಯಲ್ಲಿತ್ತು. ಅವನು ಹೆಂಡತಿಗೆ ಫೋನು ಮಾಡಿದ. "ಸಹಿ ಆಯ್ತು ಕಣೇ. ರಾತ್ರಿ ಬಸ್ಸಿಗೇ ಹೊರಟುಬಿಡ್ತೀನಿ. ಅವಳಿಗೆ ಹೇಳ್ಬೇಡ, ಬೆಳಿಗ್ಗೆ ನಾನೇ ಬಾಗಿಲು ತಟ್ತೀನಿ." ಆ ಕಡೆ ಹೆಂಡತಿ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ.

"ಹೋಗೋ ಮುಂಚೆ ಈ ಪ್ರಮಾಣಪತ್ರದ ನಾಲ್ಕು ಪ್ರತಿ ತೆಗೆಸಿ" ಎಂದರು ಸಾಹೇಬರು. "ಮೊನ್ನೆ ಬಂದ ಹೊಸ ಪ್ರಿಂಟರನ್ನ ಬಿಚ್ಚಿಸಿಬಿಡೋಣ, ಶುಭ ಕಾರ್ಯಕ್ಕೇ ಮೊದಲು ಬಳಕೆಯಾಗಲಿ."

ಪ್ರಿಂಟರು ಬೀರುವಿನಷ್ಟು ದೊಡ್ಡದು. ರಟ್ಟಿನ ಪೆಟ್ಟಿಗೆಯಲ್ಲಿ ಪಕ್ಕದ ಬಾಗಿಲ ಬಳಿ ಇಟ್ಟಿದ್ದರು. ಈಗ ಅಲ್ಲಿ ಪೆಟ್ಟಿಗೆಯ ಆಕಾರದ ಧೂಳಿಲ್ಲದ ಜಾಗ ಮಾತ್ರ ಇತ್ತು. ಬಾಗಿಲ ಅಗುಳಿ ತೆಗೆದಿತ್ತು. ನಲ್ಲಿಯ ಮುಖ ಸುಣ್ಣದಂತಾಯಿತು. ಅವನು ಮೆಲ್ಲಗೆ ತನ್ನ ಕೌಂಟರಿಗೆ ಹೋಗಿ ಕೂತ.

ಅರ್ಧ ಗಂಟೆಯಲ್ಲಿ ಪೊಲೀಸಿನವರೊಬ್ಬರು ಬಂದರು. ತೂಕದ ಮನುಷ್ಯ. ಎಲ್ಲ ಕೇಳಿ, "ಕ್ಯಾಮೆರಾ ಇದೆಯಲ್ಲ. ತೋರ್ಸಿ" ಎಂದರು. ಟಪಾಲಣ್ಣ ಮುಂದಾಗಿ ಸಾಹೇಬರ ಕೋಣೆಯ ದಾಖಲೆ ಪೆಟ್ಟಿಗೆ ಚಾಲೂ ಮಾಡಿದ. ಬೇರೆ ಏನಿಲ್ಲದಿದ್ದರೂ ತಾನು ಮೇಜಿನಲ್ಲಿ ಕೂತು ಕೆಲಸ ಮಾಡುತ್ತಿದ್ದದ್ದಾದರೂ ತಿಳಿಯಲಿ ಎಂಬುದು ಅವನ ಲೆಕ್ಕ.

ಪರದೆಯ ಮೇಲೆ ಅವನು ಮೂಡಿದ. ಕೂತ. ಎಡಕ್ಕೆ ನೋಡಿದ. ಬಲಕ್ಕೆ ನೋಡಿದ. ಕಟ್ಟು ಕಾಗದ ತೆಗೆದು ಹಲ್ಲು ಕಚ್ಚಿ ಹರಿದ. ಚೀಲಕ್ಕೆ ತುರುಕಿದ. ಚೀಲ ಎತ್ತಿಕೊಂಡು ಅವಸರದಲ್ಲಿ ಮಾಯವಾದ. ಐದು ನಿಮಿಷದ ಮೇಲೆ ಖಾಲಿ ಚೀಲದೊಂದಿಗೆ ಬಂದು ಬೆವರು ಒರೆಸಿಕೊಂಡ.



"ಏನದು ಹರಿದದ್ದು?" ಎಂದರು ಪೊಲೀಸಿನವರು.

"ಆಕ್ಷೇಪಣೆಗಳು ಸಾರ್."

"ಯಾರವು?"

"ಅದನ್ನ ಹೇಳೋ ಹಾಗಿಲ್ಲ ಸಾರ್, ನಿಯಮ..." ಎಂದವನು, ತಡೆಯಲಾರದೆ ಕೂಗಿದ. "ಇವರದ್ದೇ ಸಾರ್! ಎಲ್ಲರದ್ದೂ! ಕ್ಯಾಮೆರಾ ತಿರುಗಿಸು ಅಂತ ಇವರೇ ಬರೆದುಕೊಟ್ಟಿದ್ದು! ಅಕ್ಕ, ಹೇಳಿ ಅಕ್ಕ!"

ಅಕ್ಕ ಕಣ್ಣಲ್ಲಿ ನೀರು ತಂದುಕೊಂಡರು. "ಪಾಪ, ಬೆಳಿಗ್ಗೆಯಿಂದ ಒಂಥರಾ ಇದ್ದ. ನಾವೂ ಹೇಳಿದ್ವಿ, ಮೇಲೆ ಹತ್ತಬೇಡ ಕಣೋ ಅಂತ."

"ಮೇಷ್ಟ್ರೇ, ನೀವು ಸುಳ್ಳು ಹೇಳೋರಲ್ಲ!"

"ಸುಳ್ಳು ಯಾಕೆ ಹೇಳ್ಲಿ?" ಎಂದರು ಮೇಷ್ಟ್ರು ಗಂಭೀರವಾಗಿ. "ನಾನು ಮಲಗಿದ್ದೆ."

ಪೊಲೀಸಿನವರು ಅವನ ಜೇಬಿನಿಂದ ಇಣುಕುತ್ತಿದ್ದ ಕಾಗದವನ್ನು ಎರಡು ಬೆರಳಲ್ಲಿ ಎಳೆದು ಬಿಡಿಸಿ ಓದಿದರು. "ಬಾಗಿಲ ಕಡೆಯಿಂದ ಕ್ಯಾಮೆರಾ ತಿರುಗ್ಸಿದ್ದೀರ. ಕಾಗದ ಹರಿದಿದ್ದೀರ. ಇವತ್ತೇ ಊರು ಬಿಡೋಕೆ ಆದೇಶನೂ ಮಾಡಿಸ್ಕೊಂಡಿದ್ದೀರ." ಸಾಹೇಬರ ಕಡೆ ತಿರುಗಿದರು. "ಇಡೀ ದಿನದಲ್ಲಿ ಈ ಕ್ಯಾಮೆರಾ ಕಣ್ಣಿಗೆ ಬೇರೆ ಯಾರೂ ಬಿದ್ದಿಲ್ವಾ?"

"ಇಲ್ಲ" ಎಂದರು ಸಾಹೇಬರು, ಪ್ರಮಾಣಪತ್ರವನ್ನು ಎದೆಗೆ ಒತ್ತಿಕೊಂಡು. "ನಾವು ಆ ವಿಷಯದಲ್ಲಿ ಬಹಳ ಕಟ್ಟುನಿಟ್ಟು."

ಪೊಲೀಸಿನವರು ಬಿಡುಗಡೆ ಆದೇಶವನ್ನು ಮಡಿಚಿ ತಮ್ಮ ಜೇಬಿಗೆ ಹಾಕಿಕೊಂಡರು. "ಬನ್ನಿ, ಠಾಣೇಲಿ ಕೂತು ನಿಧಾನಕ್ಕೆ ಮಾತಾಡೋಣ."

ಟಪಾಲಣ್ಣ ದಾಖಲೆ ಪೆಟ್ಟಿಗೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅದನ್ನು ನೋಡಿ ಆ ತೂಕದ ಮನುಷ್ಯನಿಗೂ ಕನಿಕರ ಬಂದಿರಬೇಕು. ಅವನ ಹೆಗಲ ಮೇಲೆ ಅಗಲವಾದ ಕೈಯಿಟ್ಟು, ಬಾಗಿಲ ಕಡೆ ನಡೆಸುತ್ತ, ಮೆಲ್ಲಗೆ ಹೇಳಿದರು:

"ಹೆದರ್ಕೋಬೇಡಿ. ನಮ್ಮ ಠಾಣೇಲಿ ಕ್ಯಾಮೆರಾನೇ ಇಲ್ಲ. ನಿಮ್ಮ ಖಾಸಗಿತನಕ್ಕೆ ಏನೇನೂ ತೊಂದ್ರೆ ಆಗಲ್ಲ."