ಐದು ಹಲ್ಲು, ಐದು ಸಿನಿಮಾ

ಯಾರಾದರೂ ‘ಆ ಸಿನಿಮಾ ನೋಡಿದ್ದೀರಾ ಮೇಷ್ಟ್ರೇ?’ ಎಂದು ಕೇಳಿದರೆ ನಾನು ಕೊಂಚವೂ ತಡವರಿಸದೆ ‘ಓಹೋ, ನೋಡಿದ್ದೇನೆ’ ಎನ್ನುತ್ತೇನೆ. ಇದು ಸುಳ್ಳಲ್ಲ. ಹಾಗೆಂದು ಪೂರ್ತಿ ನಿಜವೂ ಅಲ್ಲ. ಊಟಕ್ಕೆ ಕೂತು ಮಜ್ಜಿಗೆ ಅನ್ನಕ್ಕೆ ಮುಂಚೆ ಎದ್ದವನು ಊಟ ಮಾಡಿದ ಎನ್ನಬಹುದಾದರೆ ನಾನೂ ಸಿನಿಮಾ ನೋಡಿದವನೇ. ಕಳೆದ ಒಂದು ವರ್ಷದಲ್ಲಿ ಐದು ಸಿನಿಮಾ ನೋಡಿದ್ದೇನೆ. ಐದೂ ನನಗೆ ಬಹಳ ಇಷ್ಟವಾದವು. ಐದರಲ್ಲಿ ಒಂದರ ಕೊನೆಯನ್ನೂ ನಾನು ಕಂಡಿಲ್ಲ.

ಇದಕ್ಕೆಲ್ಲ ಮೂಲ ನನ್ನ ಹಲ್ಲು. ಮಾಲೂರಿನ ಮಿಡ್ಲ್ ಸ್ಕೂಲಿನಲ್ಲಿ ಹದಿನಾರು ವರ್ಷ ‘ಸದ್ದು, ಸದ್ದು’ ಎಂದು ಕೂಗಿಯೋ, ಅಮ್ಮ ಮಾಡುವ ಚಕ್ಕುಲಿಯ ಪ್ರತಾಪದಿಂದಲೋ, ಒಂದೊಂದೇ ಹಲ್ಲು ಮುಷ್ಕರ ಹೂಡತೊಡಗಿತು. ಬೆಂಗಳೂರಿನ ದಂತವೈದ್ಯರು ಬಾಯಿಯೊಳಗೆ ಇಣುಕಿ, ‘ಐದು ಹೋಗಬೇಕು, ಆದರೆ ಒಟ್ಟಿಗೆ ಬೇಡ’ ಎಂದರು. ಹೀಗಾಗಿ ಎರಡು ಮೂರು ತಿಂಗಳಿಗೊಂದು ಶನಿವಾರ, ಬೆಳಗಿನ ಶಾಲೆ ಮುಗಿಸಿ, ರೈಲು ಹತ್ತಿ ಹೋಗಿ ಒಂದು ಹಲ್ಲು ಕಳೆದುಕೊಳ್ಳುವುದು ಕ್ರಮವಾಯಿತು. ಹಲ್ಲು ಕೀಳಲು ಹತ್ತು ನಿಮಿಷ. ವಾಪಸು ರೈಲು ಐದೂವರೆಗೆ. ನಡುವಿನ ಹೊತ್ತಿನಲ್ಲಿ ದವಡೆಯಲ್ಲಿ ಹತ್ತಿ ಕಚ್ಚಿಕೊಂಡ ಮನುಷ್ಯ ಮಾಡಬಹುದಾದದ್ದಾದರೂ ಏನು? ಮಾತಾಡುವಂತಿಲ್ಲ, ತಿನ್ನುವಂತಿಲ್ಲ. ಕತ್ತಲಲ್ಲಿ ಕೂತು ನೋಡಬಹುದು, ಅಷ್ಟೆ. ಮೂರು ಗಂಟೆಯ ಆಟಕ್ಕೆ ಹೋಗಿ ಕೂರುತ್ತಿದ್ದೆ. ಆದರೆ ನಮ್ಮ ಸಿನಿಮಾದವರು ಮೂರು ಗಂಟೆಯ ಕಾಲ ಹಾಡದೆ ಕಥೆ ಮುಗಿಸುವವರಲ್ಲ. ಐದು ಗಂಟೆ ಹತ್ತು ನಿಮಿಷಕ್ಕೆ ನಾನು ಎದ್ದು, ಹಿಂದಿನವರ ಬೈಗುಳ ಕೇಳಿಸಿಕೊಂಡು, ಸ್ಟೇಷನ್ನಿಗೆ ಓಡಬೇಕು. ಆ ರೈಲು ತಪ್ಪಿದರೆ ಇನ್ನು ಮರುದಿನವೇ. ನಾನು ಬರುವವರೆಗೆ ಅಮ್ಮ ಊಟ ಮಾಡುವವಳಲ್ಲ.

ಇಷ್ಟೇ ಆಗಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಮನೆಗೆ ಬಂದರೆ ಅಲ್ಲಿ ಮೂರು ಜನ ಕಥೆ ಕೇಳಲು ಸಿದ್ಧರಾಗಿ ಕೂತಿರುತ್ತಿದ್ದರು: ಅಮ್ಮ, ನನ್ನ ಹೆಂಡತಿ ಸರಸು, ಮತ್ತು ಹಿತ್ತಲ ಗೋಡೆಯ ಆಚೆಯಿಂದ ಪಕ್ಕದ ಮನೆಯ ದರ್ಜಿ ಸಾಹೇಬರ ಹೆಂಡತಿ ಜೈನಾಬಿ. ಅಂಥ ಸಭೆಗೆ ‘ಆಮೇಲೆ ಏನಾಯಿತೋ ನನಗೆ ಗೊತ್ತಿಲ್ಲ’ ಎಂದು ಹೇಳಲು ಯಾವ ಮೇಷ್ಟರ ನಾಲಿಗೆ ಏಳುತ್ತದೆ? ಹದಿನಾರು ವರ್ಷದಲ್ಲಿ ತರಗತಿಯಲ್ಲೇ ನಾನು ಆ ಮಾತು ಆಡಿದವನಲ್ಲ. ಕೊನೆಯನ್ನು ನಾನೇ ಕಟ್ಟಿದೆ.

ಮೊದಲ ದವಡೆ ಹಲ್ಲಿನ ದಿನ ನೋಡಿದ್ದು ಒಂದು ಪುರಾಣದ ಚಿತ್ರ. ರಾಜಕುಮಾರ ಋಷಿಯ ಶಾಪದಿಂದ ಗಿಳಿಯಾಗಿ ಪಂಜರದಲ್ಲಿದ್ದಾಗ ನಾನು ಎದ್ದು ಬಂದಿದ್ದೆ. ಮನೆಯಲ್ಲಿ ಅವನನ್ನು ಮತ್ತೆ ಮನುಷ್ಯನನ್ನಾಗಿ ಮಾಡಿ ಮದುವೆಯನ್ನೂ ಮುಗಿಸಿದೆ. ಎರಡನೆಯದರಲ್ಲಿ ನಾಯಕ ಸೇತುವೆಗೆ ಒಂದೇ ಕೈಯಲ್ಲಿ ಜೋತುಬಿದ್ದಿದ್ದ. ಅವನನ್ನು ಹಾಗೇ ಬಿಟ್ಟು ಬಂದದ್ದಕ್ಕೆ ರೈಲಿನುದ್ದಕ್ಕೂ ನನಗೆ ಕೈ ನೋಯುತ್ತಿತ್ತು. ಅವನನ್ನೂ ಮೇಲೆತ್ತಿದೆ. ಮೂರನೆಯದರ ನಾಯಕ ಪಾಪ, ಅರ್ಧಕ್ಕೇ ಕೆಮ್ಮಲು ಶುರುಮಾಡಿದ. ಸಿನಿಮಾದಲ್ಲಿ ಕೆಮ್ಮಿದವರು ಉಳಿಯುವುದಿಲ್ಲ. ಆದರೆ ನನ್ನ ಕೈಯಲ್ಲಿ ಉಳಿದ. ‘ಯಾವ ಔಷಧಿಗೆ ವಾಸಿಯಾಯ್ತೋ?’ ಎಂದು ಅಮ್ಮ ಕೇಳಿದಳು. ಬಾಯಿಗೆ ಬಂದಂತೆ ‘ಆಡುಸೋಗೆ ಕಷಾಯ’ ಎಂದೆ. ಮರುದಿನದಿಂದ ಹದಿನೈದು ದಿನ ನನ್ನ ಹಲ್ಲುನೋವಿಗೂ ಆಡುಸೋಗೆ ಕಷಾಯವೇ ಆಯಿತು. ನಾಲ್ಕನೆಯ ಸಲ ವೈದ್ಯರ ಸೂಜಿಮದ್ದು ತಲೆಗೇರಿ ಶುರುವಾದ ಸ್ವಲ್ಪ ಹೊತ್ತಿಗೇ ನಿದ್ದೆ ಹೋದೆ. ಹಾಗಾಗಿ ಕೊನೆಯಷ್ಟೇ ಅಲ್ಲ, ನಡುವೂ ನನ್ನದೇ. ಐದರಲ್ಲಿ ಅದೇ ಬಹಳ ಚೆನ್ನಾಗಿತ್ತು ಎಂದು ಸರಸು ಇಂದಿಗೂ ಹೇಳುತ್ತಾಳೆ. ಒಮ್ಮೆ ಮಾತ್ರ ಅವಳು, ‘ಅಲ್ರೀ, ಎಲ್ಲಾ ಪಿಚ್ಚರೂ ಮದುವೇಲೇ ಮುಗಿಯುತ್ತಾ?’ ಎಂದು ಕೇಳಿದ್ದುಂಟು. ‘ಮುಗಿಯೋದಲ್ಲ ಕಣೇ, ಅಲ್ಲಿಂದಲೇ ಶುರುವಾಗೋದು’ ಎಂದು ಹೇಳಿ ತಪ್ಪಿಸಿಕೊಂಡೆ.

ನಾನು ಸಿಕ್ಕಿಬಿದ್ದದ್ದು ಐದನೆಯ ಹಲ್ಲಿನಲ್ಲಿ.

ಅದೊಂದು ತೆಲುಗು ಚಿತ್ರ. ಅಕ್ಕ ತಂಗಿ ಇಬ್ಬರು ಯಾವುದೋ ಸಣ್ಣ ಮಾತಿಗೆ ಮುನಿಸಿಕೊಂಡು ದೂರವಾಗುತ್ತಾರೆ. ಅಕ್ಕ ದೊಡ್ಡ ಮನೆ ಸೇರುತ್ತಾಳೆ, ತಂಗಿ ಬಡವಿಯಾಗುತ್ತಾಳೆ. ಕೊನೆಗೆ ಒಂದು ದಿನ ತಂಗಿ ಮಳೆಯಲ್ಲಿ ನೆನೆಯುತ್ತ ಅಕ್ಕನ ಮನೆ ಬಾಗಿಲು ತಟ್ಟುತ್ತಾಳೆ. ಒಳಗೆ ಅಕ್ಕ ಅಗುಳಿಯ ಮೇಲೆ ಕೈಯಿಟ್ಟು ನಿಂತಿದ್ದಾಳೆ. ತೆಗೆಯುವಳೋ, ಹಾಕುವಳೋ? ಗಡಿಯಾರ ನೋಡಿದೆ, ಐದು ಹತ್ತು. ಎದ್ದೆ.

ಈ ಕಥೆಯನ್ನು ಅಮ್ಮನಿಗೆ ಹೇಳುವುದು ಸುಲಭವಾಗಿರಲಿಲ್ಲ. ಏಕೆಂದರೆ ಅಮ್ಮನಿಗೂ ಮುಳಬಾಗಿಲಿನಲ್ಲಿ ಒಬ್ಬ ತಂಗಿಯಿದ್ದಾಳೆ. ನನ್ನ ಮದುವೆಯ ದಿನ ಬೀಗರ ಎದುರಿಗೆ ಚಿಕ್ಕಮ್ಮ ಹುಳಿ ರುಚಿ ನೋಡಿ, ‘ಉಪ್ಪು ಮುಂದಾಗಿದೆ. ನಮ್ಮಕ್ಕನ ಕೈ ಮೊದಲಿಂದಲೂ ಧಾರಾಳ’ ಎಂದುಬಿಟ್ಟಳು. ಅಷ್ಟೇ. ಹನ್ನೊಂದು ವರ್ಷ ಮಾತಿಲ್ಲ, ಕಾಗದವಿಲ್ಲ. ಅಮ್ಮನ ಬಾಯಲ್ಲಿ ಮುಳಬಾಗಿಲಿನ ಹೆಸರೇ ಹೋಗಿ ‘ಆ ಊರು’ ಎಂದಾಗಿತ್ತು. ಹಬ್ಬಕ್ಕೆ ಒಬ್ಬಟ್ಟು ತಟ್ಟುವಾಗ ಮಾತ್ರ ಅಮ್ಮ ಸುಮ್ಮಸುಮ್ಮನೆ ಕಣ್ಣೊರಸಿಕೊಳ್ಳುವುದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು. ಹೀಗಿರುವಾಗ ನಾನು ಬೇರೆ ಯಾವ ಕೊನೆ ಹೇಳಲಿ? ‘ಅಕ್ಕ ಬಾಗಿಲು ತೆಗೆದು ತಂಗಿಯನ್ನು ತಬ್ಬಿಕೊಂಡಳು’ ಎಂದೆ. ಅಮ್ಮ ಎದ್ದು ಹಾಸಿಗೆ ಬಿಡಿಸತೊಡಗಿದಳು. ಗೋಡೆಯಾಚೆಯಿಂದ ಜೈನಾಬಿ, ‘ಹೌದಾ ಮೇಷ್ಟ್ರೇ?’ ಎಂದರು. ಮೆಚ್ಚಿಕೊಂಡರೆಂದು ತಿಳಿದು ನಾನು ಇನ್ನಷ್ಟು ಕಣ್ಣೀರು ಸೇರಿಸಿದೆ.

ಹತ್ತು ದಿನ ಕಳೆದ ಮೇಲೆ ಅಮ್ಮ ಒಂದು ಕಾರ್ಡು ತಂದು ನನ್ನ ಮುಂದಿಟ್ಟಳು. ‘ಬರೀ. ಬಂದು ಹೋಗು ಅಂತ ಬರೀ. ಬೇರೇನೂ ಬೇಡ.’ ಅಷ್ಟನ್ನೇ ಬರೆದು, ಮುಳಬಾಗಿಲಿನ ವಿಳಾಸ ಹಾಕಿ, ಅಂಚೆಗೆ ಹಾಕಿದೆ. ಮುಂದಿನ ವಾರವೇ ಚಿಕ್ಕಮ್ಮ ಇದ್ದಿಲು ಉರಿಸಿ ಓಡಿಸುವ ಬಸ್ಸಿನಲ್ಲಿ, ಮುಖದ ತುಂಬ ಮಸಿ ಮಾಡಿಕೊಂಡು, ಒಂದು ಚೀಲ ಅವರೆಕಾಯಿ ಹೊತ್ತು ಬಂದಿಳಿದಳು. ಹೊಸಿಲ ಮೇಲೆ ನಿಂತು, ‘ಹುಳಿ ಮಾಡೇ ಅಕ್ಕಾ. ನಿನ್ನ ಕೈ ಹುಳಿ ತಿಂದು ಹನ್ನೊಂದು ವರ್ಷ ಆಯ್ತು’ ಎಂದಳು. ಇಬ್ಬರೂ ಅತ್ತ ಅಳುವಿಗೆ ಅವರೆಕಾಯಿ ಸುಲಿಯುವವರೇ ಇಲ್ಲದೆ ಸರಸು ಮತ್ತು ನಾನು ಸುಲಿದೆವು. ಆ ದಿನ ನಾನೆಷ್ಟು ಬೀಗಿದೆನೆಂದು ಹೇಳಲಾರೆ. ಸಿನಿಮಾದಿಂದ ದೇಶ ಕೆಡುತ್ತಿದೆ ಎನ್ನುವ ನಮ್ಮ ಹೆಡ್‌ಮಾಸ್ತರರಿಗೆ ಮೇಷ್ಟರುಗಳ ಕೋಣೆಯಲ್ಲಿ ಎಲ್ಲರೆದುರು ಈ ಕಥೆ ಹೇಳಿದೆ. ಹನ್ನೊಂದು ವರ್ಷದ ಜಗಳವನ್ನು ನನ್ನ ಒಂದು ಮಾತು ತೀರಿಸಿತು ಎಂದೆ. ಅವರು ನಶ್ಯ ಏರಿಸಿ ಜೋರಾಗಿ ಸೀನಿದರು.

ಚಿಕ್ಕಮ್ಮ ಎರಡು ದಿನಕ್ಕೆಂದು ಬಂದವಳು ಉಳಿದೇಬಿಟ್ಟಳು. ಅಷ್ಟರಲ್ಲಿ ನನ್ನ ಗ್ರಹಚಾರಕ್ಕೆ ಮಾಲೂರಿನ ಬಯಲಿಗೆ ಟೂರಿಂಗ್ ಟೆಂಟು ಬಂತು. ಬಂದದ್ದು ಅದೇ ಅಕ್ಕತಂಗಿಯರ ಚಿತ್ರದೊಂದಿಗೆ. ‘ನಮ್ಮಿಬ್ಬರನ್ನ ಸೇರಿಸಿದ ಪಿಚ್ಚರು. ನಾನು ನೋಡಲೇಬೇಕು’ ಎಂದು ಚಿಕ್ಕಮ್ಮ ಹಟ ಹಿಡಿದಳು. ಅಕಸ್ಮಾತ್ ಆ ಅಕ್ಕ ಬಾಗಿಲು ತೆಗೆಯದಿದ್ದರೆ? ಪಕ್ಕಪಕ್ಕದಲ್ಲಿ ಕೂತು ಅದನ್ನು ನೋಡಿದ ಇವರಿಬ್ಬರಿಗೆ ಹಳೆಯದೆಲ್ಲ ನೆನಪಾಗಿಬಿಟ್ಟರೆ? ಟೆಂಟಿಗೆ ಬೆಂಕಿ ಬೀಳಬಹುದು ಎಂದೆ, ಮಳೆ ಬರಬಹುದು ಎಂದೆ, ಬೆಂಚಿನ ತುಂಬ ತಿಗಣೆ ಎಂದೆ. ‘ತಿಗಣೆ ನಮ್ಮನೇಲೂ ಇದೆ, ನಡಿಯೋ’ ಎಂದಳು ಚಿಕ್ಕಮ್ಮ. ಅಮ್ಮ ಸೆರಗು ಹೊದ್ದು ಹೊರಟಳು.

ಟೆಂಟಿನಲ್ಲಿ ಹೆಂಗಸರದೊಂದು ಕಡೆ, ಗಂಡಸರದೊಂದು ಕಡೆ, ನಡುವೆ ಬಿದಿರ ತಡಿಕೆ. ಯಂತ್ರ ಒಂದೇ ಆದ್ದರಿಂದ ಪ್ರತಿ ರೀಲು ಮುಗಿದಾಗಲೂ ಆಟ ನಿಂತು ದೀಪ ಹತ್ತುತ್ತಿತ್ತು. ಹತ್ತಿದಾಗಲೆಲ್ಲ ನಾನು ತಡಿಕೆಯ ಸಂದಿಯಿಂದ ಅಮ್ಮ ಚಿಕ್ಕಮ್ಮನ ಮುಖ ನೋಡುತ್ತಿದ್ದೆ. ಪಕ್ಕದವನು, ‘ಹೆಂಗಸರ ಕಡೆ ಏನ್ ಸ್ವಾಮಿ ನೋಡೋದು?’ ಎಂದು ಗದರಿದ. ಮೇಷ್ಟರ ಮಾನವೂ ಹೋಯಿತು. ಕೊನೆಗೆ ಮಳೆ ಬಂತು, ತಂಗಿ ಬಾಗಿಲು ತಟ್ಟಿದಳು, ಅಕ್ಕ ಅಗುಳಿಯ ಮೇಲೆ ಕೈಯಿಟ್ಟಳು. ಯಾವ ರೈಲೂ ಇಲ್ಲದಿದ್ದರೂ ನನ್ನ ಕಾಲುಗಳು ತಾವಾಗಿಯೇ ಎದ್ದು ನನ್ನನ್ನು ಆಚೆಗೆ ಕರೆತಂದವು. ಕಡಲೆಕಾಯಿ ಮಾರುವವನ ಪಕ್ಕದಲ್ಲಿ ಹೇಡಿಯಂತೆ ನಿಂತಿದ್ದೆ. ಒಳಗಿನಿಂದ ಹೆಂಗಸರೆಲ್ಲ ಒಟ್ಟಿಗೆ ಅಳುವುದು ಕೇಳಿಸಿತು. ಸಂತೋಷಕ್ಕೂ ಹಾಗೆ ಅಳುತ್ತಾರೆ, ದುಃಖಕ್ಕೂ ಹಾಗೆಯೇ ಅಳುತ್ತಾರೆ. ನನಗೆ ತಿಳಿಯುವುದು ಹೇಗೆ?

ಅಮ್ಮ, ಚಿಕ್ಕಮ್ಮ ಹೊರಗೆ ಬಂದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮನೆಯವರೆಗೂ ಒಬ್ಬರ ಹಿಂದೆ ಒಬ್ಬರು ನಡೆದರು. ನನ್ನ ಸುಳ್ಳು ಕಟ್ಟಿದ್ದನ್ನು ಸಿನಿಮಾದ ನಿಜ ಕೆಡವಿಹಾಕಿತು, ಇನ್ನು ಬೆಳಗಾದರೆ ಚಿಕ್ಕಮ್ಮ ಬಸ್ಸು ಹತ್ತುತ್ತಾಳೆ ಎಂದು ನನಗೆ ಅಳುವೇ ಬಂತು. ಮನೆ ಸೇರಿ ಚೊಂಬು ನೀರು ಕುಡಿದ ಮೇಲೆ ಚಿಕ್ಕಮ್ಮ ಸಿಡಿದಳು. ಸಿಟ್ಟು ಬಂದರೆ ಅವಳಿಗೆ ಮೊದಲು ತೆಲುಗೇ ಬರುವುದು. ‘ಛೀ, ಇದೇಮಿ ಮನಿಷಿ! ಎಂಥಾ ಹೆಂಗಸೋ ಅವಳು! ಒಡಹುಟ್ಟಿದೋಳನ್ನ ಮಳೇಲಿ ನಿಲ್ಲಿಸಿ ಬಾಗಿಲು ಹಾಕ್ಕೊಂಡ್ಲಲ್ಲ! ಏನೋ ನಾಣಿ, ತೆಗೆದ್ಲು ಅಂತ ಹೇಳಿದ್ಯಲ್ಲೋ?’

ತಪ್ಪೊಪ್ಪಿಕೊಂಡೆ. ಐದೂವರೆಯ ರೈಲು, ಗಿಳಿ, ಸೇತುವೆ, ಕಷಾಯ, ಎಲ್ಲ ಹೇಳಿದೆ. ಚಿಕ್ಕಮ್ಮ ಚೊಂಬು ಕೆಳಗಿಟ್ಟು, ‘ಆ ಪಿಚ್ಚರ್ ತೆಗೆದೋನಿಗೂ ಒಂದು ರೈಲು ಇದ್ದಿದ್ರೆ ಚೆನ್ನಾಗಿತ್ತು. ಕೊನೇ ತನಕ ಕೂತು ಕೆಡಿಸಿಬಿಟ್ಟ’ ಎಂದಳು. ಸರಸು ನಕ್ಕಳು. ನನಗೆ ಹೋದ ಜೀವ ಬಂತು. ಧೈರ್ಯ ಬಂದದ್ದೇ ತಡ, ‘ಏನೇ ಆಗಲಿ, ನನ್ನ ಸುಳ್ಳಿನಿಂದ ನೀವಿಬ್ಬರೂ ಒಂದಾದಿರಲ್ಲ’ ಎಂದು ಮೀಸೆ ತಿರುವಿದೆ.

ಆಗ ಅಮ್ಮ ಬಾಯಿ ಬಿಟ್ಟಳು. ‘ನಿನ್ನ ಸುಳ್ಳಿನಿಂದ ಅಲ್ಲ ಕಣೋ. ನೀನು ತೆಗೆದ್ಲು ಅಂದ ದಿನ, ಸರಿ, ಅವಳೇನೋ ತೆಗೆದ್ಲು, ನನಗೇನು ಅಂತ ಮಲಗಿಬಿಟ್ಟೆ. ಮಾರನೇ ದಿನ ಜೈನಾಬಿ ಬಂದು ಹೇಳಿದ್ರು. ಅವರು ಬೆಂಗಳೂರಲ್ಲಿ ತಂಗಿ ಮನೆಗೆ ಹೋದಾಗ ನೋಡಿದ್ರಂತೆ. ನಿನ್ನ ಮುಂದೆ ಹೇಳಿದ್ರೆ ನೊಂದ್ಕೋತೀಯ ಅಂತ ಸುಮ್ಮನಿದ್ರು. ಬಾಗಿಲು ಹಾಕ್ಕೊಂಡ್ಲು, ಬೆಳಿಗ್ಗೆ ತೆಗೆದು ನೋಡಿದ್ರೆ ತಂಗಿ ಇರಲಿಲ್ಲ ಅಂದ್ರು. ಅದು ಕೇಳಿ ನನಗೆ ಒಂದು ವಾರ ನಿದ್ದೆ ಬರಲಿಲ್ಲ. ಹೆದರಿಕೆಯಾಯ್ತು. ಅದಕ್ಕೇ ಕಾರ್ಡು ಬರೆಸಿದ್ದು.’ ಚಿಕ್ಕಮ್ಮ ಮೆಲ್ಲಗೆ ಅಮ್ಮನ ಕೈ ಹಿಡಿದುಕೊಂಡಳು.

ಮೇಷ್ಟರುಗಳ ಕೋಣೆಯಲ್ಲಿ ಈಗಲೂ ಯಾರಾದರೂ ಹೊಸಬರು ಬಂದರೆ, ಹನ್ನೊಂದು ವರ್ಷದ ಮುನಿಸನ್ನು ನಾನು ಒಂದೇ ಮಾತಿನಲ್ಲಿ ತೀರಿಸಿದ ಕಥೆಯನ್ನು ಹೇಳುತ್ತೇನೆ. ಚಿಕ್ಕಮ್ಮ ಚೀಲ ಹೊತ್ತು ಬಸ್ಸಿನಿಂದ ಇಳಿಯುವವರೆಗೆ ಹೇಳುತ್ತೇನೆ. ಅಲ್ಲಿಗೆ ನನಗೆ ಯಾವುದೋ ತರಗತಿಯ ನೆನಪಾಗಿ, ಸೀಮೆಸುಣ್ಣ ಎತ್ತಿಕೊಂಡು ಹೊರಟುಬಿಡುತ್ತೇನೆ.